ಮುಟ್ಟಿನ ನೋವು, ಮುಟ್ಟುವ ಕೈ: ಒಂದು ಚಿಕಿತ್ಸೆಯ ಚರಿತ್ರೆ

ಕನ್ನಡದಲ್ಲಿ 'ಮುಟ್ಟು' ಎಂಬ ಒಂದೇ ಪದ ಸ್ಪರ್ಶವನ್ನೂ ಋತುಸ್ರಾವವನ್ನೂ ಸೂಚಿಸುತ್ತದೆ. ಆದವಾನಿ, ರಾಯದುರ್ಗಗಳ ಕನ್ನಡಿಗರ ನೆರೆನುಡಿಯಾದ ತೆಲುಗಿನಲ್ಲಿಯೂ ಈ ಪದಕ್ಕೆ ಈ ಎರಡೂ ಅರ್ಥಗಳಿವೆ. ಆ ದಿನಗಳಲ್ಲಿ ಹೆಣ್ಣನ್ನು ಮುಟ್ಟಬಾರದೆಂಬ ಆಚಾರವು ಪದದೊಳಗೇ ನೆಲೆಸಿದೆ. ಆದ್ದರಿಂದ ಮುಟ್ಟಿನ ನೋವನ್ನು ಕೈಯಿಂದ ಶಮನಗೊಳಿಸುವ ಚಿಕಿತ್ಸೆಯ ಚರಿತ್ರೆಯಲ್ಲಿ ಎರಡು ಪ್ರಶ್ನೆಗಳು ಬೆಸೆದುಕೊಂಡಿವೆ: ಕೈ ನಿಜಕ್ಕೂ ಏನು ಮಾಡುತ್ತದೆ? ಮುಟ್ಟಲು ಯಾರಿಗೆ, ಎಂದು ಅನುಮತಿ?

ಚರಕಸಂಹಿತೆಯ ಚಿಕಿತ್ಸಾಸ್ಥಾನದ 30ನೆಯ ಅಧ್ಯಾಯವು 20 ಯೋನಿವ್ಯಾಪತ್ತುಗಳನ್ನು ಹೇಳುತ್ತದೆ. ಅವುಗಳಲ್ಲಿ ಉದಾವರ್ತಿನಿಯ ಲಕ್ಷಣ ಗಮನಾರ್ಹವಾದುದು: ಮೇಲ್ಮುಖವಾದ ವಾಯುವಿನಿಂದ ನೋವು, ರಜಸ್ಸು ಹೊರಬಿದ್ದೊಡನೆ ನಿರಾಳ. ವಾತದೋಷಕ್ಕೆ ಹೇಳಿದ ಸ್ನೇಹ, ಸ್ವೇದ, ಬಸ್ತಿಗಳೇ ಇದಕ್ಕೂ ಮದ್ದು. ಆದರೆ ಸುಶ್ರುತಸಂಹಿತೆಯ ಶಾರೀರಸ್ಥಾನವು ರಜಸ್ವಲೆಗೆ ವಿಧಿಸುವ ನಿಷೇಧಗಳಲ್ಲಿ ಅಭ್ಯಂಗವೂ ಒಂದು. ಅಲ್ಲಿ ನೀಡಿರುವ ಕಾರಣ ಹೆಣ್ಣಿನ ನೋವಿಗೆ ಸಂಬಂಧಿಸಿದ್ದಲ್ಲ. ಹುಟ್ಟಲಿರುವ ಮಗುವಿಗೆ ಕುಷ್ಠ ಬಂದೀತೆಂಬ ಭಯ. ಹೀಗೆ ಎಣ್ಣೆಯ ಕೈಯನ್ನು ಒಂದು ಗ್ರಂಥ ಕರೆಯಿತು; ನೋವಿನ ದಿನಗಳಲ್ಲಿಯೇ ಇನ್ನೊಂದು ಅದನ್ನು ದೂರವಿಟ್ಟಿತು.

ಯುರೋಪಿನಲ್ಲಿ 19ನೆಯ ಶತಮಾನದ ವೈದ್ಯರು ಈ ನೋವಿಗೆ ಗರ್ಭಾಶಯದ ಸ್ಥಾನಪಲ್ಲಟವನ್ನೂ ಮಾರ್ಗದ ತಡೆಯನ್ನೂ ಕಾರಣವೆಂದರು. ಸ್ವೀಡನ್ನಿನ ಸೇನಾಧಿಕಾರಿ ಥೂರೆ ಬ್ರಾಂಟ್ (1819–1895) ವೈದ್ಯನಲ್ಲ, ಚಿಕಿತ್ಸಕ ವ್ಯಾಯಾಮದಲ್ಲಿ ಪಳಗಿದವನು. ಒಂದು ಕೈ ಒಳಗೆ, ಇನ್ನೊಂದು ಹೊಟ್ಟೆಯ ಮೇಲೆ ಇಟ್ಟು ಮಾಡುವ ಅಂಗಮರ್ದನವನ್ನು ಅವನು ರೂಪಿಸಿದನು. 1886ರಲ್ಲಿ ಯೇನಾ ನಗರದ ಪ್ರಾಧ್ಯಾಪಕ ಬರ್ನ್‌ಹಾರ್ಡ್ ಶುಲ್ಟ್ಸೆಯವರ ಚಿಕಿತ್ಸಾಲಯದಲ್ಲಿ ಅದನ್ನು ಪ್ರದರ್ಶಿಸಿದನು. ಅತ್ತ ಅಮೆರಿಕದಲ್ಲಿ ಆಂಡ್ರ್ಯೂ ಟೇಲರ್ ಸ್ಟಿಲ್ 1892ರಲ್ಲಿ ಆಸ್ಟಿಯೋಪಥಿ ಶಾಲೆಯನ್ನು ತೆರೆದರು, 1895ರಲ್ಲಿ ಡಿ. ಡಿ. ಪಾಮರ್ ಕೈರೋಪ್ರಾಕ್ಟಿಕ್ ಪದ್ಧತಿಯನ್ನು ಆರಂಭಿಸಿದರು. ಕೈಯ ಗುರಿ ಗರ್ಭಾಶಯದಿಂದ ಬೆನ್ನೆಲುಬಿಗೆ ಸರಿಯಿತು.

1957ರಲ್ಲಿ ವಿ. ಆರ್. ಪಿಕಲ್ಸ್ ಋತುಸ್ರಾವದಲ್ಲಿ ಸ್ನಾಯುವನ್ನು ಸಂಕೋಚಿಸುವ ವಸ್ತುವೊಂದನ್ನು ಗುರುತಿಸಿದರು. ಮುಂದೆ ಪ್ರೊಸ್ಟಾಗ್ಲಾಂಡಿನ್‌ಗಳೇ ನೋವಿನ ಮುಖ್ಯ ಕಾರಣವೆಂದು ತಿಳಿದುಬಂತು. ಸ್ಥಾನಪಲ್ಲಟದ ವಾದ ಹಿಂದೆ ಸರಿಯಿತು. ಆದರೂ ಬೆನ್ನಿನ ಮೇಲಿನ ಕೈ ಹಿಂದೆಗೆಯಲಿಲ್ಲ. 1999ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯೊಂದರಲ್ಲಿ 138 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಬೆನ್ನೆಲುಬಿನ ಚಿಕಿತ್ಸೆಯನ್ನೂ ಇನ್ನೊಂದಕ್ಕೆ ಅಲ್ಪಬಲದ ಅನುಕರಣೆಯನ್ನೂ ನೀಡಲಾಯಿತು. ನೋವು ಎರಡರಲ್ಲಿಯೂ ತಗ್ಗಿತು. ಪ್ರೊಸ್ಟಾಗ್ಲಾಂಡಿನ್ ಸೂಚಕವೂ ತಗ್ಗಿತು. ಗುಂಪುಗಳ ನಡುವೆ ಅರ್ಥಪೂರ್ಣ ವ್ಯತ್ಯಾಸ ಕಾಣಲಿಲ್ಲ. 2006ರ ಕಾಕ್ರೇನ್ ಸಮೀಕ್ಷೆಯೂ ಬೆನ್ನೆಲುಬಿನ ಚಿಕಿತ್ಸೆ ಫಲಕಾರಿಯೆಂಬುದಕ್ಕೆ ಆಧಾರವಿಲ್ಲವೆಂದಿತು.

ಈ ಫಲಿತಾಂಶವನ್ನು ಎಚ್ಚರದಿಂದ ಓದಬೇಕು. ಪರೀಕ್ಷೆಯಲ್ಲಿ ಯಾರ ಕೈಯೂ ಮುಟ್ಟದ ಮೂರನೆಯ ಗುಂಪು ಇರಲಿಲ್ಲ. ಆದ್ದರಿಂದ ಅದು ಅಲ್ಲಗಳೆದದ್ದು ಬೆನ್ನೆಲುಬನ್ನು ಬಲವಾಗಿ ಒತ್ತುವ ತಂತ್ರದ ವಿಶೇಷತೆಯನ್ನು ಮಾತ್ರ. ಸ್ಪರ್ಶದ ಕುರಿತು ಅದು ಏನನ್ನೂ ನಿರ್ಣಯಿಸಲಿಲ್ಲ, ಅದರ ಪರವಾದ ಸಾಕ್ಷ್ಯವನ್ನೂ ಒದಗಿಸಲಿಲ್ಲ. ಪ್ರತಿ ತಿಂಗಳೂ ಬರುವ ನೋವು ಔಷಧಿಯಿಲ್ಲದೆಯೂ ಏರಿಳಿಯುತ್ತದೆ. ಎಂಡೊಮೆಟ್ರಿಯೋಸಿಸ್‌ನಂತಹ ಕಾಯಿಲೆ ಅದರ ಹಿಂದಿದ್ದರೆ, ಕೈಚಿಕಿತ್ಸೆಯಲ್ಲಿ ಕಳೆದ ಕಾಲ ರೋಗನಿರ್ಣಯವನ್ನು ತಡಮಾಡಬಲ್ಲದು.

ವಾಯು, ಗರ್ಭಾಶಯದ ಸ್ಥಾನ, ಬೆನ್ನೆಲುಬು: ವಿವರಣೆಗಳು ಬದಲಾದವು, ಕೈ ಉಳಿಯಿತು. ಈ ದಾಖಲೆಗಳಲ್ಲಿ ಬಹುಮಟ್ಟಿಗೆ ಕೇಳಿಬರುವುದು ಗ್ರಂಥಕಾರರ ಮತ್ತು ಚಿಕಿತ್ಸಕರ ಮಾತು, ನೋವುಂಡ ಹೆಣ್ಣಿನದಲ್ಲ. ಮುಟ್ಟು, ಮಡಿ, ಹೊರಗಾಗುವುದು ಮೊದಲಾದ ಪದಗಳನ್ನು ಎರಡು ಭಾಷೆಗಳಲ್ಲಿ ಬಳಸುವ ಗಡಿನಾಡಿನ ಮಹಿಳೆಯರ ಮಾತನ್ನು ದಾಖಲಿಸದ ಹೊರತು ಈ ಚರಿತ್ರೆಯ ಅರ್ಧಭಾಗ ಬರೆಯದೆಯೇ ಉಳಿಯುತ್ತದೆ.