ಭೂತಾನ್‌ನಲ್ಲಿ ಸರ್ಕಾರ ಬದಲಾವಣೆ ಹಾಗೂ ಭಾರತದೊಡನೆ ಸಮಾಲೋಚನೆ

ಭಾರತ ಮತ್ತು ಭೂತಾನ್ ನಡುವಿನ ಬಾಂಧವ್ಯಕ್ಕೆ 1949ರ ಸ್ನೇಹ ಒಪ್ಪಂದವು ಆಧಾರವಾಗಿದ್ದು, ವಿದೇಶಾಂಗ ವ್ಯವಹಾರಗಳಲ್ಲಿ ಭೂತಾನ್ ಭಾರತದ ಸಲಹೆಯಂತೆ ನಡೆಯತಕ್ಕದ್ದೆಂಬ ಅದರ ಷರತ್ತನ್ನು 2007ರ ಪರಿಷ್ಕೃತ ಒಪ್ಪಂದದಲ್ಲಿ ಕೈಬಿಡಲಾಯಿತು. ಮರುವರ್ಷ ಅಲ್ಲಿ ಪ್ರಥಮ ಸಾರ್ವತ್ರಿಕ ಚುನಾವಣೆ ನಡೆಯಿತು. ತದನಂತರ 2013, 2018 ಹಾಗೂ 2023–24ರ ಚುನಾವಣೆಗಳಲ್ಲಿ ಪ್ರತಿ ಬಾರಿಯೂ ಆಡಳಿತ ಪಕ್ಷ ಬದಲಾಗಿದೆ.

ನೂತನ ಪ್ರಧಾನಮಂತ್ರಿಗಳು ಅಧಿಕಾರ ವಹಿಸಿಕೊಂಡ ಕೆಲವೇ ತಿಂಗಳುಗಳಲ್ಲಿ ನವದೆಹಲಿಗೆ ಭೇಟಿ ನೀಡುವುದು ರೂಢಿಯಾಗಿದೆ. ಇದನ್ನು ಕೇವಲ ಸೌಜನ್ಯದ ಭೇಟಿಯೆಂದು ಭಾವಿಸುವಂತಿಲ್ಲ. ಆ ದೇಶದ ಪಂಚವಾರ್ಷಿಕ ಯೋಜನೆಯೂ ಹೆಚ್ಚುಕಡಿಮೆ ಅದೇ ಅವಧಿಯಲ್ಲಿ ಆರಂಭವಾಗುವುದರಿಂದ, ಭಾರತದ ನೆರವಿನ ಮೊತ್ತವು ಈ ಸಮಾಲೋಚನೆಗಳಲ್ಲಿಯೇ ರೂಪುಗೊಳ್ಳುತ್ತದೆ. ಭಾರತವು 12ನೇ ಯೋಜನೆಗೆ 2018ರ ಡಿಸೆಂಬರ್‌ನಲ್ಲಿ 4,500 ಕೋಟಿ ರೂ.ಗಳನ್ನೂ, 13ನೇ ಯೋಜನೆಗೆ 2024ರ ಮಾರ್ಚ್‌ನಲ್ಲಿ 10,000 ಕೋಟಿ ರೂ.ಗಳನ್ನೂ ಘೋಷಿಸಿತು.

2013ರಲ್ಲಿ ಮಾತ್ರ ಹಿಂದಿನ ಯೋಜನೆಯ ಅವಧಿ ಮುಗಿದು, ಚುನಾವಣೆ ನಡೆಯುತ್ತಿದ್ದ ಜುಲೈ ತಿಂಗಳಿನಲ್ಲಿಯೇ ಅಡುಗೆ ಅನಿಲ ಹಾಗೂ ಸೀಮೆಎಣ್ಣೆಗೆ ದೊರೆಯುತ್ತಿದ್ದ ಭಾರತದ ಸಹಾಯಧನ ನಿಂತಿತು. ದರಗಳು ಏಕಾಏಕಿ ಏರಿ, ರಾಜತಾಂತ್ರಿಕ ವಿಷಯವೊಂದು ಭೂತಾನ್‌ನ ಅಡುಗೆಮನೆಗಳನ್ನೇ ತಲುಪಿತು. ನೂತನ ಸರ್ಕಾರ ಆಯ್ಕೆಯಾದ ಬಳಿಕ ಆಗಸ್ಟ್‌ನಲ್ಲಿ ಸಹಾಯಧನವನ್ನು ಪುನಃ ಜಾರಿಗೊಳಿಸಲಾಯಿತು.

ಈ ಬದಲಾವಣೆಗಳಿಂದ ಭಾರತೀಯರ ವೀಸಾರಹಿತ ಪ್ರಯಾಣಕ್ಕೆ ಬಾಧಕವಾಗಿರುವುದಿಲ್ಲ. ಪ್ರವೇಶ ಪರವಾನಗಿ ಪಡೆಯಲು ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿಯನ್ನು ಹಾಜರುಪಡಿಸತಕ್ಕದ್ದು.