ಗುಪ್ತರೋಗದ ಚರಿತ್ರೆ

ಗೊನೊರಿಯಾ ರೋಗಕ್ಕೆ ಉರ್ದುವಿನಲ್ಲಿ ಸುಜಾಕ್ ಎನ್ನುತ್ತಾರೆ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ನಮ್ಮ ಕಲಬುರಗಿಗೆ ಉರ್ದು ಪರಕೀಯವಲ್ಲ. ಆದರೂ ಊರ ಗೋಡೆಗಳ ಮೇಲೆ ನಾವು ಓದುತ್ತಾ ಬಂದದ್ದು ‘ಗುಪ್ತರೋಗ’ ಎಂಬ ಒಂದೇ ಮಾತು. ಹೆಸರು ಹೇಳಲು ನಾಚುವ ರೋಗಕ್ಕೆ ಪರೀಕ್ಷೆ ಮಾಡಿಸುವವರು ಯಾರು?

1879ರಲ್ಲಿ ಜರ್ಮನಿಯ ಆಲ್ಬರ್ಟ್ ನೈಸರ್ ಈ ರೋಗಾಣುವನ್ನು ಕಂಡುಹಿಡಿದ. 1930ರ ದಶಕದಲ್ಲಿ ಸಲ್ಫಾ ಮಾತ್ರೆ ಬಂತು. ಹತ್ತೇ ವರ್ಷಗಳಲ್ಲಿ ಅದರ ಕಸುವು ಕುಂದಿತು. 1943ರಿಂದ ಪೆನಿಸಿಲಿನ್ ಕೈಹಿಡಿಯಿತು. 1976ರಲ್ಲಿ ಪೆನಿಸಿಲಿನ್ನನ್ನೇ ನಾಶಮಾಡುವ ತಳಿಗಳು ಕಾಣಿಸಿಕೊಂಡವು. ಬಳಿಕ ಬಂದ ಸಿಪ್ರೊಫ್ಲಾಕ್ಸಾಸಿನ್ ಗುಂಪಿನ ಔಷಧಗಳನ್ನು ಈ ರೋಗಕ್ಕೆ ಕೊಡಬೇಡಿರೆಂದು ಅಮೆರಿಕ 2007ರಲ್ಲಿ ತನ್ನ ವೈದ್ಯರಿಗೆ ಹೇಳಬೇಕಾಯಿತು. ಈಗ ಮುಖ್ಯ ಆಸರೆ ಸೆಫ್ಟ್ರಿಯಾಕ್ಸೋನ್ ಚುಚ್ಚುಮದ್ದು. ಅದಕ್ಕೂ ಜಗ್ಗದ ತಳಿ 2009ರಲ್ಲಿ ಜಪಾನಿನ ಕ್ಯೋಟೋದಲ್ಲಿ ಸಿಕ್ಕಿತು. 2025ರ ಡಿಸೆಂಬರಿನಲ್ಲಿ ಅಮೆರಿಕವು ಜೊಲಿಫ್ಲೊಡಾಸಿನ್, ಜೆಪೊಟಿಡಾಸಿನ್ ಎಂಬ ಎರಡು ಹೊಸ ಔಷಧಗಳಿಗೆ ಒಪ್ಪಿಗೆ ಕೊಟ್ಟಿದೆ. ಬೇಕಾಬಿಟ್ಟಿ ಬಳಸಿದರೆ ಇವಕ್ಕೂ ಅದೇ ಗತಿ.

ಯಾವ ಔಷಧ ನಾಟುತ್ತದೆಂದು ತಿಳಿಯುವ ಹಳೆಯ ದಾರಿ ಕಲ್ಚರ್ ಪರೀಕ್ಷೆ. ರೋಗಿಯಿಂದ ತೆಗೆದ ಸ್ರಾವದಲ್ಲಿರುವ ರೋಗಾಣುವನ್ನು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿ, ಔಷಧ ಸವರಿದ ಕಾಗದದ ಬಿಲ್ಲೆಗಳನ್ನು ಇಡುತ್ತಾರೆ. ಬಿಲ್ಲೆಯ ಸುತ್ತ ಸಾಕಷ್ಟು ಅಗಲಕ್ಕೆ ರೋಗಾಣು ಬೆಳೆಯದಿದ್ದರೆ ಆ ಔಷಧ ಕೆಲಸ ಮಾಡುತ್ತದೆ. ಇದಕ್ಕೆ ಕೆಲವು ದಿನ ಬೇಕು. ಕೂಲಿ ಬಿಟ್ಟು ಬಂದವರು ಮತ್ತೆ ಬರಲಾರರೆಂದು ನಮ್ಮ ದೇಶದ ಸರಕಾರಿ ಸುರಕ್ಷಾ ಕ್ಲಿನಿಕ್ಕುಗಳಲ್ಲಿ ಲಕ್ಷಣ ನೋಡಿಯೇ ಔಷಧ ಕೊಡುವ ಪದ್ಧತಿ ಬಂತು. ಅಜಿಥ್ರೊಮೈಸಿನ್ 1 ಗ್ರಾಂ, ಸೆಫಿಕ್ಸಿಮ್ 400 ಮಿಲಿಗ್ರಾಂ ಇದ್ದ ಬೂದು ಬಣ್ಣದ ಪೊಟ್ಟಣ ಎಷ್ಟೋ ಬಡವರಿಗೆ ಉಪಕಾರ ಮಾಡಿತು.

ಆದರೆ ಲಕ್ಷಣವೇ ಇಲ್ಲದವರ ಗತಿ? ಗಂಡಸಿಗೆ ಸಾಮಾನ್ಯವಾಗಿ ಉರಿಮೂತ್ರ, ಕೀವು ಕಾಣಿಸುತ್ತದೆ. ಬಹಳಷ್ಟು ಹೆಂಗಸರಿಗೆ ಏನೂ ತೋರುವುದಿಲ್ಲ. ಒಳಗೊಳಗೇ ಗರ್ಭನಾಳ ಕಟ್ಟಿಕೊಳ್ಳುತ್ತದೆ. ಮಕ್ಕಳಾಗಲಿಲ್ಲವೆಂದು ಅತ್ತೆಮನೆಯಲ್ಲಿ ಮಾತು ಕೇಳುವವಳು ಅವಳೇ. ಗಂಡ ಔಷಧದ ಅಂಗಡಿಯಲ್ಲಿ ಎರಡು ಮಾತ್ರೆ ಕೇಳಿ ನುಂಗಿ ಸುಮ್ಮನಾದದ್ದು ಅವಳಿಗೆ ತಿಳಿದಿರುವುದಿಲ್ಲ. ಬಸುರಿಯಲ್ಲಿ ರೋಗವಿದ್ದರೆ ಹೆರಿಗೆಯಲ್ಲಿ ಕೂಸಿನ ಕಣ್ಣಿಗೂ ಅಂಟಿ, ದೃಷ್ಟಿ ಹೋಗಬಹುದು.

ಕೆಂಪು ಬಾಳೆಗೆ ಹೆಸರಾದ ಕಮಲಾಪುರ 2018ರಲ್ಲಿ ತಾಲೂಕಾಯಿತು. ಅಲ್ಲಿಂದ ಕಲಬುರಗಿಯ ದೊಡ್ಡಾಸ್ಪತ್ರೆಗೆ ಬಸ್ಸಿದೆ. ಮಗುವಿಗಾಗಿ ಹೆಂಡತಿಯನ್ನು ಗುಡಿಯಿಂದ ಗುಡಿಗೆ ಕರೆದೊಯ್ಯುವ ಗಂಡ ಆ ಬಸ್ಸನ್ನೂ ಒಮ್ಮೆ ಹತ್ತಲಿ. ಇಬ್ಬರಿಗೂ ಪರೀಕ್ಷೆಯಾಗಬೇಕು. ರೋಗವಿದ್ದರೆ ಇಬ್ಬರೂ ಔಷಧವನ್ನು ಪೂರ್ತಿ ತೆಗೆದುಕೊಳ್ಳಬೇಕು. ಒಬ್ಬರಿಗಷ್ಟೇ ಕೊಟ್ಟರೆ ರೋಗ ಅದೇ ಮನೆಗೆ ಮರಳಿ ಬರುತ್ತದೆ.