ಗಂಟೆಯ ಹಗ್ಗ

1892ರಲ್ಲಿ ಚಾಮರಾಜಪೇಟೆ, 1898ರ ಪ್ಲೇಗಿನ ಬಳಿಕ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದಾಗ ಎಲ್ಲರ ಮನೆಯಲ್ಲೂ ಗಡಿಯಾರವಿರಲಿಲ್ಲ. ಗಡಿಯಾರ ಬಂದ ಮೇಲೂ ದೇವಾಲಯದ ನೆರೆಯವರು ಅನ್ನ ಬಸಿಯುತ್ತಿದ್ದುದು ನಮ್ಮ ತ್ರಿಕಾಲ ಪ್ರಾರ್ಥನೆಯ ಗಂಟೆ ಕೇಳಿಯೇ.

ಪವಿತ್ರ ಗುರುವಾರ ಮಹಿಮಾಗೀತೆಯೊಡನೆ ಮೊಳಗುವ ಗಂಟೆ ಪಾಸ್ಖ ಜಾಗರಣೆಯವರೆಗೆ ಮೌನ. ನಡುವೆ ಮರದ ಗಿಲಕಿಯ ಕಟಕಟ ಸದ್ದು ಮಾತ್ರ. ಆ ಜಾಗರಣೆ ಹಿಂದೆ ಶನಿವಾರ ಬೆಳಿಗ್ಗೆಯೇ ಮುಗಿಯುತ್ತಿತ್ತು. ಬೆಳಗಿನ ಜಾಗರಣೆ! ನಗು ಬಂದರೆ ತಪ್ಪಲ್ಲ. ಜಗದ್ಗುರು ಹನ್ನೆರಡನೆಯ ಪಯಸ್‌ರವರು 1955ರ ಆಜ್ಞೆಯಿಂದ ಅದನ್ನು ರಾತ್ರಿಗೆ ಮರಳಿಸಿದರು; ಮರುವರ್ಷ ಜಾರಿಗೆ ಬಂದಿತು.

ಆ ವರ್ಷದ ಮಾತನ್ನು ಚಾಮರಾಜಪೇಟೆಯ ನಮ್ಮ ಅಜ್ಜಿ ಹೇಳುತ್ತಿದ್ದರು. ಶನಿವಾರ ಮಧ್ಯಾಹ್ನವಾದರೂ ಗಂಟೆಯಿಲ್ಲ. ಪಕ್ಕದ ಮನೆಯ ಮಡಿವಂತ ಅಮ್ಮನವರು ಗೋಡೆಯಾಚೆಯಿಂದ, "ಗಂಟೆಯ ಹಗ್ಗ ಕಿತ್ತುಹೋಯಿತೇನ್ರೀ? ನಮ್ಮ ಬಾವಿಯ ಹಗ್ಗ ಕೊಡಲೇ?" ಎಂದರಂತೆ. ಆ ಬಾವಿಯಿಂದ ನಮ್ಮವರು ಒಂದು ಕೊಡ ನೀರನ್ನೂ ಸೇದಿದವರಲ್ಲ!

"ಹಗ್ಗ ಚೆನ್ನಾಗಿದೆ ಅಮ್ಮಾ, ಸ್ವಾಮಿ ಸಮಾಧಿಯಲ್ಲಿದ್ದಾರೆ" ಎಂದರು ಅಜ್ಜಿ.

"ಅಯ್ಯೋ, ಸೂತಕವೇ? ಗೊತ್ತಾಗಲಿಲ್ಲ ನೋಡಿ" ಎಂದು ಆಕೆ ದನಿ ತಗ್ಗಿಸಿದರಂತೆ.

ನಡುರಾತ್ರಿ ಗಂಟೆಗಳೆಲ್ಲ ಒಮ್ಮೆಲೇ ಮೊಳಗಿದವು. ಪೂಜೆ ಮುಗಿಸಿ ಅಜ್ಜಿ ಮನೆಗೆ ಬಂದಾಗ ಗೋಡೆಯಾಚೆ ದೀಪ ಉರಿಯುತ್ತಿತ್ತು.

"ಸೂತಕ ಕಳೆಯಿತೇನ್ರೀ?"